ಸತ್ತ ಬಾಟಲಿಗೆ ಒಂದು ಸೌಟು

ಮಾರ್ಚ್ 3, ಸೋಮವಾರ

ಮೊಣಕಾಲು ಮಡಚುವುದು ಹತ್ತು ಸಲ, ಚಾಚುವುದು ಹತ್ತು ಸಲ, ಹಿಮ್ಮಡಿ ಎತ್ತಿ ಹಿಡಿಯುವುದು ಐದು ಸಲ. ಬೆಳಿಗ್ಗೆ ಮಾಡಿದೆ. ಸಂಜೆಯದು ಬಾಕಿ.

ಆಪರೇಷನ್ ಆಗಿ ಇವತ್ತಿಗೆ ಆರು ವಾರ. ವ್ಯಾಯಾಮ ಹೇಳಿಕೊಡುವ ನರ್ಸಮ್ಮ ಈ ನೋಟ್‌ಬುಕ್ ಕೈಗಿಟ್ಟು, "ದಿನಾ ಬರೀರಿ. ಬರೀಬೇಕಲ್ಲ ಅನ್ನೋ ಭಯಕ್ಕಾದ್ರೂ ಮಾಡ್ತೀರಿ" ಅಂದರು. ಬರೆಯುವುದಕ್ಕೆ ನನಗೆಂಥ ಭಯ? ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಮೂವತ್ತೊಂದು ವರ್ಷದಿಂದ ಲಾಗ್ ಬುಕ್ ಬರೆಯುತ್ತಿದ್ದೇನೆ. ಯಾವ ಪಂಪು ಎಷ್ಟು ಗಂಟೆಗೆ ನಿಂತಿತು, ಯಾವ ವಾಲ್ವನ್ನು ಯಾರು ತಿರುಗಿಸಿದರು, ನಿಮಿಷ ಸಮೇತ. ನನ್ನ ಪುಟಗಳಲ್ಲಿ ಒಂದು ಸುಳ್ಳು ಸಾಲಿಲ್ಲ.

ಇವತ್ತು ಮತ್ತೆ ಕೆಲಸಕ್ಕೆ ಹೋದೆ. ಟ್ಯಾಂಕಿನ ಮೆಟ್ಟಿಲು ಮೂವತ್ತಾರು. ಮೂರು ತಿಂಗಳು ಹತ್ತಕೂಡದು ಎಂದು ಡಾಕ್ಟರ ಚೀಟಿ. ಇಂಜಿನಿಯರು ಚೀಟಿ ನೋಡಿದರು, ನನ್ನ ಕೋಲು ನೋಡಿದರು.

"ಲ್ಯಾಬಲ್ಲಿ ಕೂತ್ಕೊಳ್ಳಿ. ಯೂನಿವರ್ಸಿಟಿಯಿಂದ ಒಬ್ಬಳು ಹುಡುಗಿ ಬಂದಿದ್ದಾಳೆ, ರಿಸರ್ಚ್ ಅಂತೆ. ಬಾಟಲಿ ಗೀಟಲಿ ತೊಳೆಯೋಕೆ ಜನ ಬೇಕಂತಿದ್ಲು."

ಸೂಪರ್‌ವೈಸರ್ ಬಾಟಲಿ ತೊಳೆಯುವವನಾದ. ಆನೆ ಹೋಗಿ ಆಡಾಯಿತು.

ಮಾರ್ಚ್ 4, ಮಂಗಳವಾರ

ಮಡಚುವುದು ಹತ್ತು, ಚಾಚುವುದು ಎಂಟು. ನೋವು.

ಅವಳಿಗೆ ಬಾಟಲಿ ಮೇಡಂ ಎಂದು ಹೆಸರಿಟ್ಟಿದ್ದೇನೆ. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಮೂಗಿನ ಮೇಲೆ ಎರಡೆರಡು ಮಾಸ್ಕು. ಮೂರು ಸಲ ಸೋಪಿನಲ್ಲಿ, ಮೂರು ಸಲ ಬರೀ ನೀರಿನಲ್ಲಿ, ಆಮೇಲೆ ಯಾವುದೋ ಸ್ಪಿರಿಟಿನಲ್ಲಿ ತೊಳೆಯಬೇಕು. ನಾನು ಎರಡು ಸಲಕ್ಕೇ ನಿಲ್ಲಿಸಿದ್ದು ಅದು ಹೇಗೋ ಅವಳಿಗೆ ಗೊತ್ತಾಯಿತು.

"ಅಂಕಲ್, ಇನ್ನೊಂದ್ಸಲ."

"ಮೇಡಂ, ಇದರೊಳಗೆ ಹಾಕೋದು ಕೊಳಚೆ ತಾನೇ?"

"ಕೊಳಚೆನೇ. ಆದ್ರೆ ನನಗೆ ಬೇಕಾದ ಕೊಳಚೆ ಮಾತ್ರ."

ಮಾತಿಗೇನೂ ಕಮ್ಮಿ ಇಲ್ಲ.

ಮಾರ್ಚ್ 6, ಗುರುವಾರ

ಅವಳ ಕೆಲಸ ಏನೆಂದು ಇವತ್ತು ಕೇಳಿದೆ. ಕೇಳಬಾರದಿತ್ತು. ಹೆಣ್ಣುಮಕ್ಕಳ ಹಾರ್ಮೋನು ಎಂದು ಶುರು ಮಾಡಿಬಿಟ್ಟಳು, ನಾನು ಕಿಟಕಿಯ ಕಡೆ ನೋಡುತ್ತ ಕುಳಿತೆ.

ಅವಳು ಹೇಳಿದ್ದಿಷ್ಟು. ಜನರ ಮೈಯಿಂದ, ಅವರು ನುಂಗುವ ಗುಳಿಗೆಗಳಿಂದ ಹಾರ್ಮೋನು ಚರಂಡಿ ಸೇರಿ ನಮ್ಮ ಟ್ಯಾಂಕಿಗೆ ಬರುತ್ತದೆ. ಬಹುಪಾಲು ಅಲ್ಲೇ ಕರಗಿ ಹೋಗುತ್ತದೆ. ಗುಳಿಗೆಯದು ಮಾತ್ರ ಬಲು ಹಟಮಾರಿ. ಸ್ವಲ್ಪ ನೀರಿನ ಜೊತೆ ಹೊಳೆಗೆ ಹೋಗುತ್ತದೆ, ಸ್ವಲ್ಪ ತಳದಲ್ಲಿ ಕೂರುವ ರಾಡಿಗೆ ಅಂಟಿಕೊಳ್ಳುತ್ತದೆ. ನಮ್ಮ ಹೊಳೆಯಲ್ಲಿ ಕೆಲವು ಗಂಡು ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ಕಂಡಿದೆಯಂತೆ! ಅದಕ್ಕೇ ಹೋದ ವರ್ಷದಿಂದ ನಮ್ಮ ರಾಡಿಯನ್ನು ಹೊಲಗಳಿಗೆ ಗೊಬ್ಬರವಾಗಿ ಕೊಡುವುದು ನಿಂತಿರುವುದು. ಅಂಗಳದಲ್ಲಿ ರಾಡಿಯ ಗುಡ್ಡ ಬೆಳೆದು ಗೇಟಿನ ತನಕ ಬಂದಿದೆ.

"ಆ ಹಟಮಾರಿಯನ್ನೂ ತಿನ್ನೋ ಬ್ಯಾಕ್ಟೀರಿಯಾ ಇವೆ ಅಂಕಲ್. ರಾಡಿಯಲ್ಲೇ ಇವೆ. ಎಷ್ಟು ತಿಂತಾವೆ, ಎಷ್ಟು ದಿನಕ್ಕೆ ತಿಂತಾವೆ ಅಂತ ತೋರಿಸಿದ್ರೆ ನನ್ನ ಮೂರು ವರ್ಷ ಸಾರ್ಥಕ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮಿಷನ್ನಿನಲ್ಲಿ ಯಾರದೋ ಕೋಟಿನ ತೋಳು ಹೊಲಿಯುತ್ತಿದ್ದಳು. ತಲೆ ಎತ್ತದೆ, "ಹಾಗಾದ್ರೆ ನನ್ನದೂ ಅಲ್ಲಿಗೇ ಬರುತ್ತೆ ಅನ್ನಿ" ಅಂದಳು.

"ನಿನ್ನದೇನು?"

"ಎರಡು ವರ್ಷದಿಂದ ನುಂಗ್ತಿದ್ದೀನಲ್ಲ, ಹಾರ್ಮೋನಿನ ಗುಳಿಗೆ. ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಆಗ್ತಿತ್ತು ಅಂತ ಡಾಕ್ಟರಮ್ಮ ಕೊಟ್ಟಿದ್ದು."

ವಿಟಮಿನ್ ಎಂದುಕೊಂಡಿದ್ದೆ.

ಮಾರ್ಚ್ 10, ಸೋಮವಾರ

ಮಡಚುವುದು ಹತ್ತು, ಚಾಚುವುದು ಹತ್ತು, ಹಿಮ್ಮಡಿ ಐದು. ಎರಡೂ ಹೊತ್ತು.

ಬಾಟಲಿ ಮೇಡಂ ಇವತ್ತು ಯೂನಿವರ್ಸಿಟಿಗೆ ಹೋಗಿದ್ದಳು. ಆರು ಬಾಟಲಿಗಳ ಕಾವಲು ನನಗೆ. ಎಲ್ಲಕ್ಕೂ ಬೆಳ್ಳಿ ಕಾಗದ ಸುತ್ತಿದೆ, ಬೆಳಕು ಬೀಳಬಾರದಂತೆ. ಮೀನಿನ ತೊಟ್ಟಿಗೆ ಗಾಳಿ ಊದುವಂಥ ಪುಟ್ಟ ಪಂಪುಗಳು ಗುಳುಗುಳು ಅನ್ನುತ್ತಿರುತ್ತವೆ. ಎಲ್ಲದರಲ್ಲೂ ಒಂದನೇ ಟ್ಯಾಂಕಿನ ರಾಡಿ, ಅಷ್ಟಷ್ಟು ಗುಳಿಗೆಯ ಹಾರ್ಮೋನು. ಹನ್ನೆರಡು ದಿನದ ಪರೀಕ್ಷೆ, ಹೋದ ಬುಧವಾರ ಶುರುವಾದದ್ದು.

ಆರನೆಯದರ ನಳಿಕೆ ಕಳಚಿತ್ತು. ಸಿಕ್ಕಿಸಲು ಮುಚ್ಚಳ ತೆಗೆದೆ. ಮೂಗಿಗೆ ಬಡಿಯಿತು. ಬದುಕಿರುವ ರಾಡಿ ಒದ್ದೆ ಮಣ್ಣಿನ ವಾಸನೆ ಹೊಡೆಯುತ್ತದೆ. ಇದು ಬೇಯಿಸಿಟ್ಟು ಮರೆತ ಪಾತ್ರೆಯ ಹಾಗಿತ್ತು. ಸತ್ತಿದೆ. ಮೂವತ್ತೊಂದು ವರ್ಷದ ಮೂಗು ಸುಳ್ಳು ಹೇಳುವುದಿಲ್ಲ. ಅದರ ಮೇಲೆ ಚೀಟಿ ಬೇರೆ: ಕಂಟ್ರೋಲ್. ಇದೇ ಕಂಟ್ರೋಲಿನಲ್ಲಿಲ್ಲ ಎಂದು ನಗು ಬಂತು. ಆಮೇಲೆ ಪಾಪ ಅನ್ನಿಸಿತು. ಹುಡುಗಿ ಅಷ್ಟೊಂದು ತೊಳೆಸುತ್ತಾಳೆ, ಬಳಿಯುತ್ತಾಳೆ, ಮೂಗು ಮುಚ್ಚಿಕೊಂಡಿರುವುದರಿಂದ ಇದು ಸತ್ತದ್ದೇ ಅವಳಿಗೆ ಗೊತ್ತಿಲ್ಲ.

ಟ್ಯಾಂಕು ಸತ್ತರೆ ನಾವು ಏನು ಮಾಡುತ್ತೇವೆ? ಚೆನ್ನಾಗಿರುವ ಟ್ಯಾಂಕಿನ ರಾಡಿ ತಂದು ಬೆರೆಸುತ್ತೇವೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮೂರನೇ ಟ್ಯಾಂಕಿನಿಂದ ಬೆಳಿಗ್ಗೆ ಬಂದ ಸ್ಯಾಂಪಲ್ ಕ್ಯಾನು ಬಾಗಿಲಲ್ಲೇ ಇತ್ತು. ಒಂದು ಸೌಟು ಹಾಕಿದೆ. ಮುಚ್ಚಿದೆ.

ಹೇಳಿದರೆ ಅವಮಾನ ಆದೀತು ಎಂದು ಹೇಳಲಿಲ್ಲ. ಉಪಕಾರ ಮಾಡಿದ್ದನ್ನು ಹೇಳಿಕೊಂಡು ತಿರುಗಬಾರದು.

ಮಾರ್ಚ್ 12, ಬುಧವಾರ

ಆರನೆಯದನ್ನು ಮೂಸಿ ನೋಡಿದೆ. ಒದ್ದೆ ಮಣ್ಣು! ಎದ್ದು ಕೂತಿದೆ.

ವ್ಯಾಯಾಮ ಮಾಡಿದೆ.

ಮಾರ್ಚ್ 17, ಸೋಮವಾರ

ಪರೀಕ್ಷೆ ಮುಗಿಯಿತು. ನೀರಿನದನ್ನೂ ಬೇರೆ, ರಾಡಿಗೆ ಅಂಟಿದ್ದನ್ನೂ ಬೇರೆ ತೆಗೆದು ಯೂನಿವರ್ಸಿಟಿಯ ಮಿಷನ್ನಿಗೆ ಕಳಿಸಿದಳು. ಒಂದು ವಾರಕ್ಕೆ ಉತ್ತರ. ಏಪ್ರಿಲ್ ಮೊದಲ ವಾರದಲ್ಲಿ ಅವಳ ಪ್ರೊಫೆಸರೂ ಇನ್ನೂ ಮೂವರೂ ಕೂತು ಅವಳ ಮೂರು ವರ್ಷದ ಕೆಲಸ ಪಾಸೋ ಫೇಲೋ ಹೇಳುತ್ತಾರಂತೆ.

"ಭಯ ಆಗುತ್ತಾ ಮೇಡಂ?"

"ಆಗುತ್ತೆ ಅಂಕಲ್. ಈ ಸಲ ಬಾಟಲಿ ತೊಳೆದದ್ದು ನೀವು, ಅದೊಂದೇ ಧೈರ್ಯ."

ಮನೆಗೆ ಬರುವ ದಾರಿಯಲ್ಲಿ ಕೋಲನ್ನು ಬಸ್ಸಿನಲ್ಲಿ ಮರೆತು, ಮತ್ತೆ ಓಡಿಹೋಗಿ ತಂದೆ. ಓಡಿ ಎಂದರೆ ಕುಂಟುತ್ತ.

ಮಾರ್ಚ್ 24, ಸೋಮವಾರ

ಉತ್ತರ ಬಂತು.

ಅವಳು ಹಾಳೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತವಳು ಏಳಲೇ ಇಲ್ಲ. ಮಾಸ್ಕು ತೆಗೆದಿದ್ದಳು. ಅವಳ ಪೂರ್ತಿ ಮುಖ ನೋಡಿದ್ದು ಇವತ್ತೇ ಮೊದಲು.

"ಏನಾಯ್ತು?"

"ಐದು ಬಾಟಲಿಗಳು ಅರ್ಧದಷ್ಟು ತಿಂದಿವೆ. ಆರನೆಯದು ಮುಕ್ಕಾಲು ತಿಂದಿದೆ."

"ಒಳ್ಳೇದಾಯ್ತಲ್ಲ!"

"ಅಂಕಲ್, ಆರನೆಯದು ಸತ್ತ ಬಾಟಲಿ. ನಾನೇ ಮೂರು ದಿನ, ಮೂರು ಸಲ ಬೇಯಿಸಿ ಕೊಂದಿದ್ದು. ಅದರಲ್ಲಿ ಒಂದು ಜೀವವೂ ಇರಬಾರದು. ಅದರಲ್ಲಿ ಹಾರ್ಮೋನು ಹಾಗೇ ಉಳಿದ್ರೆ ತಾನೇ, ಬೇರೆ ಐದರಲ್ಲಿ ತಿಂದದ್ದು ಬ್ಯಾಕ್ಟೀರಿಯಾನೇ ಅಂತ ಹೇಳೋಕಾಗೋದು? ಸತ್ತದ್ದೇ ಬದುಕಿರೋದಕ್ಕಿಂತ ಜಾಸ್ತಿ ತಿಂದಿದೆ ಅಂದ್ರೆ ನನ್ನ ಲೆಕ್ಕವೆಲ್ಲ ಸುಳ್ಳು. ಮೂರು ವರ್ಷದ್ದೂ."

ನಾನು ಸಿಂಕಿನ ಅಂಚು ಹಿಡಿದುಕೊಂಡೆ.

"ನಾನೇ ಎಲ್ಲೋ ಎಡವಟ್ಟು ಮಾಡಿದ್ದೀನಿ" ಅಂದಳು. "ಕೈ ಸರಿಯಾಗಿ ತೊಳೆದಿಲ್ಲ. ಇಲ್ಲಾ ಬೇಯಿಸಿದ್ದು ಸಾಲಲಿಲ್ಲ. ನಾನೇ."

ಮಾರ್ಚ್ 25, ಮಂಗಳವಾರ

ಬರೆಯಲು ಏನೂ ಇಲ್ಲ.

ಮಾರ್ಚ್ 27, ಗುರುವಾರ

ಒಂದು ಸೌಟು. ಅಷ್ಟೇ ತಾನೇ. ಒಂದು ಸೌಟಿನಿಂದ ಮೂರು ವರ್ಷ ಮುಳುಗುವುದಾದರೆ ಅದೆಂಥ ವಿದ್ಯೆ? ಬಾಟಲಿಯ ಮೇಲೆ 'ಸತ್ತದ್ದು, ಮುಟ್ಟಬೇಡಿ' ಎಂದು ಬರೆಯಬೇಕಿತ್ತು. ಕಂಟ್ರೋಲ್ ಅಂದರೆ ಯಾರಿಗೆ ಅರ್ಥವಾಗುತ್ತದೆ? ತಪ್ಪು ಅವಳದ್ದೂ ಇದೆ.

ಮೇಲಿನದನ್ನು ಮತ್ತೆ ಓದಿದೆ. ನಾಚಿಕೆಯಾಯಿತು. ಹರಿದು ಹಾಕೋಣ ಅನ್ನಿಸಿತು. ಲಾಗ್ ಬುಕ್ ಬರೆದ ಕೈಗೆ ಹಾಳೆ ಹರಿಯುವುದು ಬರುವುದಿಲ್ಲ.

ಮೂರು ದಿನದಿಂದ ಅವಳು ಬಾಟಲಿ ಬೇಯಿಸುವ ಪಾತ್ರೆಯನ್ನೇ ಬಿಚ್ಚಿ ಬಿಚ್ಚಿ ನೋಡುತ್ತಿದ್ದಾಳೆ, ಎಲ್ಲಿ ಸೋರುತ್ತಿದೆ ಎಂದು. ಊಟದ ಡಬ್ಬಿ ಮುಚ್ಚಳ ಕೂಡ ತೆಗೆದಿಲ್ಲ. ಇವತ್ತು "ಅಂಕಲ್, ಈ ಬಾಟಲಿ ಯಾರಾದ್ರೂ ಮುಟ್ಟಿದ್ರಾ?" ಎಂದು ಸುಮ್ಮನೆ ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ನೇರ ಸೌಟಿನ ಮೇಲೆ ಹೋಯಿತು. ಅವಳು ನೋಡಲಿಲ್ಲ. "ಇಲ್ಲವಲ್ಲ" ಅಂದೆ.

ಸಂಜೆ ಗೇಟಿನಲ್ಲಿ ಕುಳ್ಳ ಸಿಕ್ಕ. ಮೂರನೇ ಟ್ಯಾಂಕಿನ ಆಪರೇಟರ್. "ಬರ್ತೀನಿ ಸಾರ್" ಅಂದು ಹೋದ. ಹನ್ನೊಂದು ವರ್ಷದಿಂದ ಅವನು ನನ್ನ ಜೊತೆ ಅದಕ್ಕಿಂತ ಹೆಚ್ಚು ಮಾತಾಡಿಲ್ಲ. ಒಂದು ಮಧ್ಯಾಹ್ನ ಅವನು ಪಂಪು ಬಿಟ್ಟು ಎದ್ದುಹೋಗಿ, ಟ್ಯಾಂಕು ಉಕ್ಕಿ ಅಂಗಳವೆಲ್ಲ ಕೊಳಚೆಯಾಗಿತ್ತು. "ಅಣ್ಣಾ, ಆ ಒಂದು ಸಾಲು ಬರೀಬೇಡಿ" ಎಂದು ಗೋಗರೆದಿದ್ದ. ಬರೆದೆ. ಮೂರು ತಿಂಗಳು ಅಮಾನತು ಮಾಡಿದರು. ನಾನು ಸುಳ್ಳು ಬರೆಯಲಿಲ್ಲ, ನಿಜವನ್ನೇ ಬರೆದೆ ಎಂದು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ.

ಮಾರ್ಚ್ 29, ಶನಿವಾರ

ಹೆಂಡತಿಗೆ ಹೇಳಿದೆ. ಹೇಳಬೇಕೆಂದು ಕುಳಿತದ್ದಲ್ಲ. ಅವಳು ಸೂಜಿಗೆ ದಾರ ಪೋಣಿಸಲಾಗದೆ ನನ್ನ ಕೈಗೆ ಕೊಟ್ಟಳು, ನಾಲ್ಕು ಸಲ ತೂರಿಸಿದರೂ ದಾರ ಸೂಜಿಯ ಪಕ್ಕಕ್ಕೇ ಹೋಯಿತು.

"ಏನ್ರೀ ಇದು? ಕಾಲಿಗೆ ಆಪರೇಷನ್ ಆದ್ರೆ ಕೈ ದಾರಿ ತಪ್ಪುತ್ತಾ?"

ಎಲ್ಲ ಹೇಳಿದೆ. ಅವಳು ಬಟ್ಟೆ ಕೆಳಗಿಟ್ಟು ಕೇಳಿದಳು.

"ಇರಲಾರದೆ ಇರುವೆ ಬಿಟ್ಟುಕೊಂಡ್ರಿ."

"ಹೂಂ."

"ಆ ಹುಡುಗಿ ಇನ್ನೂ ತನ್ನದೇ ತಪ್ಪು ಅಂದ್ಕೊಂಡಿದ್ದಾಳಾ?"

"ಹೂಂ."

"ಅಲ್ರೀ, ಆ ಮೇಷ್ಟರ ಮದುವೆಗೆ ಎರಡು ದಿನ ಇದ್ದಾಗ ಅವರ ಕೋಟು ಇಸ್ತ್ರಿ ಪೆಟ್ಟಿಗೆಯಲ್ಲಿ ಸುಟ್ಟೆನಲ್ಲ, ನೆನಪಿದೆಯಾ? ನಿಮಗೂ ಹೇಳದೆ ಅರ್ಧ ದಿನ ಅದನ್ನ ಮಂಚದ ಕೆಳಗೆ ಬಚ್ಚಿಟ್ಟಿದ್ದೆ. ಆ ಅರ್ಧ ದಿನ ನಾನು ಸತ್ತೇ ಹೋದೆ. ಆಮೇಲೆ ಎತ್ತಿಕೊಂಡು ಅವರ ಮನೆಗೇ ಹೋದೆ. ಬೈದ್ರು. ಚೆನ್ನಾಗಿ ಬೈದ್ರು. ಬೈದು ಮುಗಿಸಿ, ಇನ್ನೊಂದು ಬಟ್ಟೆ ಕೊಟ್ರು."

"ಇದು ಕೋಟಲ್ಲವಲ್ಲೇ."

"ಕೋಟಾದ್ರೇನು ಕೊಳಚೆ ಆದ್ರೇನು. ಸೋಮವಾರ ಹೋಗಿ ಹೇಳಿಬಿಡಿ. ಅವಳೇನು ನಿಮ್ಮನ್ನ ಕಚ್ಚಿ ತಿಂತಾಳಾ?"

ಅವಳ ಗುಳಿಗೆಯ ಡಬ್ಬಿ ಮೇಜಿನ ಮೇಲೆ ಖಾಲಿಯಾಗಿತ್ತು. ಅಂಗಡಿಗೆ ಹೋಗಿ ತಂದುಕೊಟ್ಟೆ. ಹೆಸರು ಓದಿ, ಇದೇ ತಾನೇ ಎಂದು ಅಂಗಡಿಯವನನ್ನು ಎರಡು ಸಲ ಕೇಳಿ ತಂದೆ.

ಮಾರ್ಚ್ 31, ಸೋಮವಾರ

ಹೇಳಿದೆ.

ಬೆಳಿಗ್ಗೆ ಅವಳು ಒಳಗೆ ಬಂದ ಕೂಡಲೇ, ಬ್ಯಾಗು ಇಳಿಸುವ ಮೊದಲೇ. ತಡ ಮಾಡಿದ್ದರೆ ಬಾಯಿಗೆ ಬೀಗ ಬೀಳುತ್ತಿತ್ತು. "ಮೇಡಂ, ಆರನೇ ಬಾಟಲಿಗೆ ರಾಡಿ ಹಾಕಿದವನು ನಾನು. ಹತ್ತನೇ ತಾರೀಕು, ನೀವಿಲ್ಲದಾಗ. ಒಂದು ಸೌಟು. ನಿಮ್ಮ ಕೈಯದ್ದಾಗಲಿ, ಪಾತ್ರೆಯದ್ದಾಗಲಿ ತಪ್ಪಿಲ್ಲ."

ಅವಳು ಬ್ಯಾಗು ಹಿಡಿದುಕೊಂಡೇ ನಿಂತಿದ್ದಳು.

"ಯಾಕೆ?"

"ಸತ್ತಿತ್ತು. ಪಾಪ ಅನ್ನಿಸ್ತು."

"ಮೊನ್ನೆ ಕೇಳಿದಾಗ ಇಲ್ಲ ಅಂದ್ರಿ."

"ಅದು ಸುಳ್ಳು."

ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ವಿಚಿತ್ರವಾಗಿ ಕೇಳಿಸಿತು.  ಅವಳು ಹೊರಗೆ ಹೋಗಿ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದಳು. ಕಿಟಕಿಯಿಂದ ಬೆನ್ನು ಕಾಣುತ್ತಿತ್ತು. ಆಮೇಲೆ ಎದ್ದು ಹೋದಳು.

ಬೈದಿದ್ದರೆ ಚೆನ್ನಾಗಿತ್ತು. ಆದರೂ ಇವತ್ತು ಊಟ ರುಚಿಸಿತು. ಒಂದು ವಾರದ ಮೇಲೆ.

ಏಪ್ರಿಲ್ 2, ಬುಧವಾರ

ಬಂದಿಲ್ಲ. ನಿನ್ನೆಯೂ ಇಲ್ಲ. ಇರುವ ಬಾಟಲಿಗಳನ್ನೆಲ್ಲ ತೊಳೆದಿಟ್ಟೆ. ಮೂರು ಸಲ, ಮೂರು ಸಲ, ಸ್ಪಿರಿಟು.

ಏಪ್ರಿಲ್ 4, ಶುಕ್ರವಾರ

ಇವತ್ತು ನಡೆದದ್ದನ್ನು ಸಾವಕಾಶವಾಗಿ ಬರೆಯಬೇಕು.

ಒಂಬತ್ತು ಗಂಟೆಗೆ ಅವಳು ಬಿರುಗಾಳಿಯ ಹಾಗೆ ಒಳಗೆ ಬಂದಳು. "ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ. ಅದು ಆಮೇಲೆ. ಆ ಸೌಟು ಯಾವ ಟ್ಯಾಂಕಿನದು?"

"ಮೂರನೆಯದು."

"ಒಂದನೇ ಟ್ಯಾಂಕಿನ ರಾಡಿ ಹನ್ನೆರಡು ದಿನದಲ್ಲಿ ಅರ್ಧ ತಿಂದಿದೆ. ನಿಮ್ಮ ಒಂದು ಸೌಟು ಏಳೇ ದಿನದಲ್ಲಿ ಮುಕ್ಕಾಲು ತಿಂದಿದೆ. ಯಾಕೆ? ಏನಿದೆ ಮೂರರಲ್ಲಿ?"

ಯೋಚಿಸುವ ಅಗತ್ಯವೇ ಇರಲಿಲ್ಲ. ಬೇರೆ ಟ್ಯಾಂಕುಗಳಲ್ಲಿ ರಾಡಿಯನ್ನು ಎಂಟು ದಿನಕ್ಕೆ ಹೊರಗೆ ಹಾಕುತ್ತೇವೆ. ಮೂರರಲ್ಲಿ ರಾಡಿ ಎಳೆಯುವ ಪಂಪು ಕೆಟ್ಟು ನಾಲ್ಕು ತಿಂಗಳಾಯಿತು. ಕೈಯಲ್ಲಿ ಸ್ವಲ್ಪ ಸ್ವಲ್ಪ ತೆಗೆಯುತ್ತಾರೆ, ಅಷ್ಟೇ. ಲಾಗ್ ಬುಕ್ ತರಿಸಿ ಲೆಕ್ಕ ಹಾಕಿದೆವು. ಅಲ್ಲಿನ ರಾಡಿಯ ವಯಸ್ಸು ಹೆಚ್ಚು ಕಡಿಮೆ ನಲವತ್ತು ದಿನ.

"ನಿಧಾನವಾಗಿ ಬೆಳೆಯೋ ಬ್ಯಾಕ್ಟೀರಿಯಾ!" ಅವಳು ಮೇಜು ಕುಟ್ಟಿದಳು. "ಎಂಟು ದಿನಕ್ಕೆ ಹೊರಗೆ ಹಾಕಿದ್ರೆ ಅವು ಬೆಳೆಯೋದೇ ಇಲ್ಲ. ಅಲ್ಲಿ ಸಂಸಾರ ಹೂಡಿಬಿಟ್ಟಿವೆ. ಅಂಕಲ್, ನನಗೆ ಆ ರಾಡಿ ಬೇಕು, ತಳದ್ದು. ಎರಡು ಕ್ಯಾನು. ಪ್ರೊಫೆಸರಿಗೆ ಎಲ್ಲ ಹೇಳಿದ್ದೀನಿ, ತಿಂಗಳ ಕೊನೆ ತನಕ ಸಮಯ ಕೊಟ್ಟಿದ್ದಾರೆ."

ಆಗಲೇ ಲಾಗ್ ಬುಕ್ಕಿನ ಇವತ್ತಿನ ಪುಟ ನೋಡಿದೆ. ಪಂಪು ನಿನ್ನೆ ರಿಪೇರಿಯಾಗಿದೆ. ಹತ್ತು ಗಂಟೆಗೆ ಮೂರನೇ ಟ್ಯಾಂಕಿನ ರಾಡಿ ಪೂರ್ತಿ ಖಾಲಿ ಮಾಡಬೇಕೆಂದು ಇಂಜಿನಿಯರ ಆದೇಶ. ಗಡಿಯಾರದಲ್ಲಿ ಹತ್ತಕ್ಕೆ ಏಳು ನಿಮಿಷ. ಇಂಜಿನಿಯರು ಮೀಟಿಂಗಿನಲ್ಲಿ, ಫೋನು ಬಂದ್.

ಕ್ಯಾನು ಹಿಡಿದುಕೊಂಡು ಹೊರಟೆ. ಮೇಲೆ ಕುಳ್ಳ ವಾಲ್ವಿನ ಚಕ್ರಕ್ಕೆ ಕೈ ಹಾಕಿದ್ದ. ಕೆಳಗೆ ಟ್ಯಾಂಕರ್ ಲಾರಿ ಬುಸುಗುಡುತ್ತಿತ್ತು.

"ತಿರುಗಿಸಬೇಡ!" ಅಂದೆ. "ವಾಲ್ವು ತೆರೆದ್ರೆ ಮೊದಲು ತಳದ್ದೇ ಹೋಗುತ್ತೆ. ನನಗೆ ಅದೇ ಬೇಕು. ಅರ್ಧ ಗಂಟೆ ಕೊಡು."

ಕುಳ್ಳ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹತ್ತಕ್ಕೆ ಅಂತ ಆರ್ಡರ್ ಇದೆ ಸಾರ್. ತಡ ಆದ್ರೆ ಬರೀತಾರೆ."

"ಬರಿ. ನೀನೇ ಬರಿ. ನಾನು ತಡೆದೆ ಅಂತ ನನ್ನ ಹೆಸರು ಹಾಕಿ ಬರಿ. ನಿನ್ನ ಹೆಸರು ಎಲ್ಲೂ ಬೇಡ."

 ಅವನು ಚಕ್ರ ಬಿಟ್ಟು ಬಂದು, ಟ್ಯಾಂಕಿನಿಂದ ಸ್ಯಾಂಪಲ್ ಎತ್ತುವ ಸೌಟಿನ ಉದ್ದದ ಹಿಡಿಯ ಇನ್ನೊಂದು ತುದಿ ಹಿಡಿದ. ತಳದಿಂದ ಸೌಟು ಸೌಟಾಗಿ ಎತ್ತಿ ಎರಡು ಕ್ಯಾನು ತುಂಬಲು ನಲವತ್ತು ನಿಮಿಷ ಹಿಡಿಯಿತು. ಲಾರಿಯವನು ಕೆಳಗಿನಿಂದ ನಮ್ಮ ಇಬ್ಬರ ವಂಶವನ್ನೂ ಜಾಲಾಡಿದ.

ಕೆಳಗೆ ಬಂದಾಗ ಬಾಟಲಿ ಮೇಡಂ ನನ್ನ ಕೋಲು ಹಿಡಿದು ನಿಂತಿದ್ದಳು. "ಅಂಕಲ್, ನೀವು ಹತ್ತಿಹೋದ್ರಾ?" ಎಂದು ಏನೋ ಕೇಳಿದಳು. ಕ್ಯಾನು ಚೆಲ್ಲದ ಹಾಗೆ ಇಳಿಸುವ ಗಡಿಬಿಡಿಯಲ್ಲಿ ನಾನು ಸರಿಯಾಗಿ ಉತ್ತರ ಕೊಡಲಿಲ್ಲ.

ಏಪ್ರಿಲ್ 7, ಸೋಮವಾರ

ಹೊಸ ಪರೀಕ್ಷೆ ಶುರು. ಒಂದನೇ ಟ್ಯಾಂಕಿನವು ಮೂರು, ಮೂರನೆಯದರವು ಮೂರು, ಸತ್ತವು ಎರಡು. ಬೇಯಿಸುವಾಗ ಪಾತ್ರೆಯ ಪಕ್ಕ ನಾನೇ ಕೂತಿದ್ದೆ. ಸತ್ತವುಗಳ ಮೇಲೆ ನನ್ನ ಕೈಯಿಂದಲೇ ಚೀಟಿ ಬರೆಸಿದಳು: 'ಸತ್ತಿವೆ. ಪಾಪ ಅನ್ನಿಸಿದರೂ ಮುಟ್ಟಬೇಡಿ.'

ಬರೆಸಿ ತಾನೇ ನಕ್ಕಳು.

ಏಪ್ರಿಲ್ 13, ಭಾನುವಾರ

ರಜೆ ಇದ್ದರೂ ಹೋಗಿ ಬಾಟಲಿಗಳನ್ನು ನೋಡಿ ಬಂದೆ. ನಳಿಕೆಗಳು ಸರಿಯಾಗಿವೆ. ಹೆಂಡತಿ, "ಮಕ್ಕಳನ್ನ ಹಾಸ್ಟೆಲಿಗೆ ಬಿಟ್ಟು ಬಂದವರ ಹಾಗೆ ಆಡ್ತೀರಲ್ಲ" ಅಂದಳು. ಮಧ್ಯಾಹ್ನ ಅವಳಿಗೆ ಮೈ ಕಾವೇರಿದಾಗ ಕಿಟಕಿ ತೆಗೆದು, ಒದ್ದೆ ಬಟ್ಟೆ ತಂದುಕೊಟ್ಟೆ. ಗುಳಿಗೆ ನಿಧಾನವಾಗಿ ಕಡಿಮೆ ಮಾಡುತ್ತಿದ್ದಾರಂತೆ. ಹಾಗೆ ಒಮ್ಮೆಗೇ ನಿಲ್ಲಿಸಬಾರದೇ, ನಿಲ್ಲಿಸಿದರೆ ಏನಾಗುತ್ತದೆ, ಎಲ್ಲ ಕೇಳಿದೆ. ಹೇಳಿದಳು. ಸುಮಾರು ಹೊತ್ತು ಮಾತಾಡಿದೆವು.

ಏಪ್ರಿಲ್ 19, ಶನಿವಾರ

ಸ್ಯಾಂಪಲ್ ಕಳಿಸಿದ್ದಾಯಿತು. ಇನ್ನು ಕಾಯುವುದು.

ಏಪ್ರಿಲ್ 25, ಶುಕ್ರವಾರ

ಗೆದ್ದೆವು!

ಹಾಳೆಯನ್ನು ನಾನು ಓದಲಾರೆ ಎಂದು ಗೊತ್ತಿದ್ದೂ ಅವಳು ನನ್ನ ಕೈಗೇ ಕೊಟ್ಟಳು. ಆಮೇಲೆ ಬೆರಳಿಟ್ಟು ತೋರಿಸಿದಳು. ಸತ್ತ ಬಾಟಲಿ ಎರಡರಲ್ಲೂ ಹಾಕಿದ ಹಾರ್ಮೋನು ಇದ್ದಷ್ಟೇ ಇದೆ. ಒಂದನೇ ಟ್ಯಾಂಕಿನವು ಮೊದಲಿನಂತೆ ಅರ್ಧ. ಮೂರನೆಯದರವು ಮೂರಕ್ಕೆ ಮೂರೂ ನೂರರಲ್ಲಿ ತೊಂಬತ್ತರ ಮೇಲೆ ತಿಂದು ಮುಗಿಸಿವೆ. ನೀರಿನಲ್ಲೂ ಇಲ್ಲ, ರಾಡಿಗೆ ಅಂಟಿಕೊಂಡೂ ಇಲ್ಲ.

"ತಿಂದೇಬಿಟ್ಟಿವೆ ಅಂಕಲ್!"

"ಮೂರು ವರ್ಷದ ಲೆಕ್ಕ?"

"ಅದೂ ಸರಿ. ಎಲ್ಲಾ ಸರಿ."

ಅವಳು ಕೂತು ಜೋರಾಗಿ ಅತ್ತಳು. ನಾನು ಬಾಟಲಿ ತೊಳೆಯುವವನ ಹಾಗೆ ನಲ್ಲಿ ಬಿಟ್ಟು, ಮುಖಕ್ಕೆ ನೀರು ಹಾಕಿಕೊಂಡೆ.

ಏಪ್ರಿಲ್ 30, ಬುಧವಾರ

ಪ್ರೊಫೆಸರೂ ಉಳಿದ ಮೂವರೂ ಘಟಕಕ್ಕೇ ಬಂದಿದ್ದರು. ಇಂಜಿನಿಯರು ಇಸ್ತ್ರಿ ಅಂಗಿ ಹಾಕಿಕೊಂಡು ಮುಂದೆ ಕೂತಿದ್ದರು. ನನ್ನನ್ನು ಮೂರನೇ ಟ್ಯಾಂಕಿನ ಬಗ್ಗೆ ಹೇಳಲು ಕರೆದರು, ಹೇಳಿದೆ. ಅವರಲ್ಲಿ ಬಿಳಿ ಕೂದಲಿನ ಒಬ್ಬರು ವರದಿ ತಿರುವುತ್ತ, "ಮೊದಲ ಪರೀಕ್ಷೆಯಲ್ಲಿ 'ಆಕಸ್ಮಿಕವಾಗಿ ರಾಡಿ ಬೆರೆತಿದ್ದರಿಂದ' ಅಂತ ಬರೆದಿದ್ದೀರಿ. ಹೇಗೆ ಬೆರೀತು?" ಎಂದು ಕೇಳಿದರು.

ಹುಡುಗಿ ನನ್ನ ಕಡೆ ನೋಡದೆ, "ಅದು, ಲ್ಯಾಬಿನಲ್ಲಿ..." ಎಂದು ಶುರು ಮಾಡಿದಳು.

"ಆಕಸ್ಮಿಕ ಅಲ್ಲ ಸಾರ್," ಅಂದೆ. "ಬೇಕಂತಲೇ ಹಾಕಿದ್ದು. ನಾನೇ ಹಾಕಿದ್ದು. ಸತ್ತಿದೆಯಲ್ಲ, ಬದುಕಿಸೋಣ ಅಂತ."

 ಬಿಳಿ ಕೂದಲಿನವರು ನಗತೊಡಗಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾಸು ಮಾಡಿದರು. ಎಲ್ಲ ಟ್ಯಾಂಕುಗಳಲ್ಲೂ ರಾ‍ಡಿಯನ್ನು ಹೆಚ್ಚು ದಿನ ಇಟ್ಟು ನೋಡಬೇಕೆಂದು ಇಂಜಿನಿಯರಿಗೆ ಹೇಳಿದ್ದಾರೆ. ಅದು ಒಪ್ಪಿಗೆಯಾಗಿ, ಹೊಲಗಳಿಗೆ ರಾಡಿ ಹೋಗುವುದು ಶುರುವಾಗಲು ಇನ್ನೂ ಒಂದು ವರ್ಷ ಆಗಬಹುದು. ಆಗಲಿ.

ಮೇ 2, ಶುಕ್ರವಾರ

ಮೆಮೊ ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲನೆಯದು.

ತಿಂಗಳ ಕೊನೆಯಲ್ಲಿ ಲಾಗ್ ಬುಕ್ ತಪಾಸಣೆ ಆಗುತ್ತದೆ. 'ಏಪ್ರಿಲ್ 4ರಂದು ಆದೇಶ ಮೀರಿ ಟ್ಯಾಂಕರನ್ನು ನಲವತ್ತು ನಿಮಿಷ ಕಾಯಿಸಿದ್ದಕ್ಕೆ ನಿಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು? ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಿ.' ಇಂಜಿನಿಯರು ಕೊಡುವಾಗ ಮುಖ ನೋಡಲಿಲ್ಲ. "ನಿಯಮ" ಅಂದರು, ಅಷ್ಟೇ.

ಹೆಂಡತಿ ಅದನ್ನು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. "ಅಂತೂ ನಿಮಗೂ ಒಂದು ಬಂತು ನೋಡಿ" ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮೇ 4, ಭಾನುವಾರ

ಬೆಳಿಗ್ಗೆ ಬಾಗಿಲು ತಟ್ಟಿದರು. ನೋಡಿದರೆ ಕುಳ್ಳ. ನಮ್ಮ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಕೂರು ಅಂದರೂ ಕೂರಲಿಲ್ಲ.

"ಮೆಮೊ ವಿಷಯ ಗೊತ್ತಾಯ್ತು. ನನ್ನ ಹೆಸರೂ ಸೇರಿಸಿ. ಸೌಟಿನ ಇನ್ನೊಂದು ತುದಿ ನಾನೇ ಹಿಡಿದಿದ್ದೆ."

"ನಿನ್ನದು ಬೇಡ. ಕೂತ್ಕೊ ಮೊದಲು."

ಹೆಂಡತಿ ಚಹಾ ತಂದಿಟ್ಟ ಮೇಲೆ ಕುರ್ಚಿಯ ತುದಿಯಲ್ಲಿ ಕೂತ. ನಾನು ವಿವರಣೆ ಬರೆಯುತ್ತಿದ್ದ ಹಾಳೆ ಮುಂದೆಯೇ ಇತ್ತು. ಅವನಿಗೆ ತೋರಿಸಿದೆ.

"ನಮ್ಮ ಲಾಗ್ ಬುಕ್ಕಿನ ಕೊನೆಗೆ 'ಕಾರಣ' ಅಂತ ಒಂದು ಕಲಂ ಇದೆಯಲ್ಲ" ಅಂದೆ. "ಏಪ್ರಿಲ್ 4ರ ಸಾಲಲ್ಲಿ ಅದು ಖಾಲಿ ಇತ್ತು. ಅದಕ್ಕೇ ಮೆಮೊ ಬಂದದ್ದು. ನೀನು ಬರೀಬೇಕಿತ್ತು."

"ಏನು ಬರೀಬೇಕು ಅಂತ ಗೊತ್ತಾಗಲಿಲ್ಲ. ಹಾರ್ಮೋನು ಅಂತ ಬರೆಯೋಕೆ ನಾಚಿಕೆ ಆಯ್ತು."

ನನಗೆ ನಗು ಬಂತು. ಆಮೇಲೆ ನಗು ನಿಂತಿತು.

"ಅವತ್ತು ನಿನ್ನ ಸಾಲು ಬರೆಯುವಾಗ ಆ ಕಲಂ ನಾನೂ ಖಾಲಿ ಬಿಟ್ಟೆ. ನಿನ್ನ ಮಗಳಿಗೆ ಫಿಟ್ಸ್ ಬಂದು ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದಾರೆ ಅಂತ ಫೋನು ಬಂದಿತ್ತು. ಅದಕ್ಕೇ ಎದ್ದು ಓಡಿದ್ದು. ನನಗೆ ಗೊತ್ತಿತ್ತು. ಬರೀಲಿಲ್ಲ. ಪಂಪು ಬಿಟ್ಟು ಹೋದ ಅಂತ ಮಾತ್ರ ಬರೆದೆ. ಸುಳ್ಳಲ್ಲ ಅದು. ಆದ್ರೆ ಅಷ್ಟೇ ಬರೆದದ್ದು ಸುಳ್ಳೇ."

ಕುಳ್ಳ ಚಹಾದ ಲೋಟ ಕೆಳಗಿಟ್ಟ.

"ಹನ್ನೊಂದು ವರ್ಷ ಆದ ಮೇಲೆ ಈಗ ಭರ್ತಿ ಮಾಡ್ತೀರಾ ಅಣ್ಣಾ?"

"ಮಾಡ್ತೀನಿ. ಇದೇ ಹಾಳೆಯಲ್ಲಿ. ಮಗಳು ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಕಾಲೇಜು ಸೇರಿದ್ಲು ಈ ವರ್ಷ."

ಹೆಂಡತಿ ಒಳಗಿನಿಂದಲೇ, "ಪೆನ್ನಿನ ಶಾಯಿ ಸಾಲದಿದ್ರೆ ಹೇಳಿ, ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ಇದೆ" ಅಂದಳು. ಕುಳ್ಳ ನಕ್ಕ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತ. ಮಧ್ಯಾಹ್ನ ಊಟ ಮಾಡಿಕೊಂಡೇ ಹೋದ.

ಮೇ 5, ಸೋಮವಾರ

ವಿವರಣೆ ಕೊಟ್ಟೆ. ಎರಡು ಪುಟ. ಇಂಜಿನಿಯರು ನಿಂತೇ ಓದಿದರು, ಆಮೇಲೆ ಕೂತು ಮತ್ತೆ ಓದಿದರು.

"ಇದರಲ್ಲಿ ಹನ್ನೊಂದು ವರ್ಷದ ಹಿಂದಿನದು ಯಾಕ್ರೀ?"

"ಕಾರಣ ಖಾಲಿ ಇತ್ತು ಸಾರ್. ಅವನ ಸರ್ವೀಸ್ ಪುಸ್ತಕಕ್ಕೂ ಒಂದು ಪ್ರತಿ ಸೇರಿಸಿ ಅಂತ ಕೇಳ್ಕೊಂಡಿದ್ದೀನಿ."

 ಅವರು ಎರಡು ಪ್ರತಿ ತೆಗೆಸಿ ಎರಡಕ್ಕೂ ಸೀಲು ಹಾಕಿದರು. ನನ್ನ ಮೆಮೊ ಮೇಲೆ 'ವಿವರಣೆ ಒಪ್ಪಿದೆ' ಎಂದು ಬರೆದರು.

ಬಾಟಲಿ ಮೇಡಂ ಸಾಮಾನು ಕಟ್ಟಿಕೊಂಡು ಮಧ್ಯಾಹ್ನ ಹೊರಟಳು. ಆಟೋದಲ್ಲಿ ಕೂತು, "ಅಂಕಲ್, ಸಿಟ್ಟು ಹೋಯ್ತು" ಅಂದಳು. "ಯಾವಾಗ?" ಅಂದೆ. "ಗೊತ್ತಾಗಲಿಲ್ಲ" ಅಂದಳು.

ನೋಟ್‌ಬುಕ್ ಮುಗಿಯುತ್ತ ಬಂತು, ನಾಲ್ಕೇ ಹಾಳೆ ಉಳಿದಿವೆ. ಬರುವಾಗ ಇನ್ನೊಂದು ಕೊಂಡು ತಂದೆ. ನಾಳೆಯಿಂದ ಮೂರನೇ ಟ್ಯಾಂಕಿನಲ್ಲಿ ಬೆಳಗಿನ ಪಾಳಿ, ಕುಳ್ಳನ ಜೊತೆ. ಹೆಂಡತಿ ಊಟಕ್ಕೆ ಕರೆಯುತ್ತಿದ್ದಾಳೆ.